ಒಳಗೆ ಹೋಗುವ ಮುನ್ನ ಎಲ್ಲವನ್ನೂ ಹೇಳಿಬಿಡು

ನೋಡಮ್ಮ, ನಾಳೆ ಬೆನ್ನಿಗೆ ಎಂಆರ್‌ಐ ಮಾಡಿಸಬೇಕು ಅಂತ ಡಾಕ್ಟರು ಬರೆದುಕೊಟ್ಟಾಗಿನಿಂದ ನಿನ್ನ ಮುಖ ಬಾಡಿದೆ. ನಾನು ಎರಡು ಸಲ ಆ ಯಂತ್ರದೊಳಗೆ ಮಲಗಿ ಎದ್ದು ಬಂದವಳು. ಅಲ್ಲಿ ಏನೇನಾಗುತ್ತದೆ ಅಂತ ಯಾರಾದರೂ ಕೂರಿಸಿಕೊಂಡು ಹೇಳಿದ್ದರೆ ಮೊದಲ ಸಲ ಅಷ್ಟು ನಡುಗುತ್ತಿರಲಿಲ್ಲ. ಅದಕ್ಕೇ ಹೇಳುತ್ತಿದ್ದೇನೆ, ಕೇಳಿಸಿಕೋ.

ಎಕ್ಸ್‌ರೇ, ಸಿಟಿ ಸ್ಕ್ಯಾನಿನಲ್ಲಿರುವ ವಿಕಿರಣ ಇದರಲ್ಲಿಲ್ಲ. ಅಯಸ್ಕಾಂತ ಮತ್ತು ರೇಡಿಯೋ ಅಲೆಗಳ ನೆರವಿನಿಂದ, ನಮ್ಮ ಮೈಯ ನೀರಿನಂಶವೇ ಚಿತ್ರವಾಗಿ ಮೂಡುತ್ತದೆ. ಆದರೆ ಅಯಸ್ಕಾಂತ ಅಂತಿಂಥದ್ದಲ್ಲ. ಹೆಚ್ಚಿನ ಕಡೆ 1.5 ಟೆಸ್ಲಾ ಇರುತ್ತದೆ, ಅಂದರೆ ಭೂಮಿಯ ಕಾಂತಬಲದ ಸುಮಾರು 30,000 ಪಟ್ಟು. ಸ್ಕ್ಯಾನ್ ನಡೆಯದಿದ್ದಾಗಲೂ ಅದರ ಸೆಳೆತ ನಿಲ್ಲುವುದಿಲ್ಲ. ಆಕ್ಸಿಜನ್ ಸಿಲಿಂಡರನ್ನೇ ಎಳೆದುಕೊಳ್ಳುತ್ತದೆ.

ಅದಕ್ಕೇ ಬಾಗಿಲಲ್ಲೇ ನಿಲ್ಲಿಸಿ ಅಷ್ಟು ಪ್ರಶ್ನೆ ಕೇಳುತ್ತಾರೆ. ಪೇಸ್‌ಮೇಕರ್ ಇದೆಯೇ, ಮೆದುಳಿನ ರಕ್ತನಾಳಕ್ಕೆ ಕ್ಲಿಪ್ ಹಾಕಿದ್ದಾರೆಯೇ, ಕಿವಿಯೊಳಗೆ ಉಪಕರಣವಿದೆಯೇ, ಸ್ಟೆಂಟು, ರಾಡು, ಪ್ಲೇಟು ಇವೆಯೇ, ಕಣ್ಣಿಗೆ ಯಾವಾಗಲಾದರೂ ಲೋಹದ ಚೂರು ಹಾರಿತ್ತೇ, ಬಸುರಿಯೇ? ಯಾವುದನ್ನೂ ಅಂದಾಜಿನ ಮೇಲೆ ಹೇಳಬೇಡ. ಆಪರೇಷನ್ನಾಗಿದ್ದರೆ ಆ ಕಾಗದ ತೋರಿಸು. ಹಲವು ಸ್ಟೆಂಟು, ಪ್ಲೇಟುಗಳಿಗೆ ತೊಂದರೆಯಿಲ್ಲ. ಆದರೆ ಅದನ್ನು ತೀರ್ಮಾನಿಸಬೇಕಾದವರು ಅವರು, ನಾವಲ್ಲ.

ಇನ್ನು ಒಡವೆಯ ಮಾತು. ಬಟ್ಟೆ ಬದಲಿಸುವ ಕೋಣೆಯಲ್ಲಿ ಓಲೆ, ಮೂಗುಬಟ್ಟು, ಹೇರ್‌ಪಿನ್ನು ಎಲ್ಲ ಬಿಚ್ಚಿಟ್ಟೆ. ತಾಳಿಗೆ ಕೈ ಹೋದಾಗ ಬೆರಳು ಮುಂದೆ ಹೋಗಲಿಲ್ಲ, ಕಣ್ಣು ತುಂಬಿಬಂತು. ಆಗ ಅಲ್ಲಿದ್ದ ನರ್ಸು ನನ್ನ ಭುಜ ಮುಟ್ಟಿ, "ಮುಂದಿನ ಸಲ ಅರಿಶಿನದ ಕೊಂಬು ಕಟ್ಟಿಕೊಂಡು ಬನ್ನಿ ಅಮ್ಮ" ಅಂದಳು. ಎರಡನೇ ಸಲ ಹಾಗೇ ಮಾಡಿದೆ. ನೀನೂ ಇವತ್ತು ರಾತ್ರಿಯೇ ಅರಿಶಿನದ ಕೊಂಬನ್ನು ಹತ್ತಿ ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೋ, ತಾಳಿ ಮನೆಯಲ್ಲೇ ಇರಲಿ. ಕಾಲುಂಗುರ ಬಿಗಿಯಾಗಿದ್ದರೆ ಸೋಪಿನ ನೀರು ಹಚ್ಚಿ ತೆಗೆ. ಚಿನ್ನವನ್ನು ಅಯಸ್ಕಾಂತ ಎಳೆಯುವುದಿಲ್ಲ, ನಿಜ. ಆದರೆ ರೇಡಿಯೋ ಅಲೆಗೆ ಒಡವೆ ಬಿಸಿಯಾಗಬಹುದು, ಚಿತ್ರ ಕೆಡಬಹುದು, ಕೊಂಡಿಯೊಳಗಿನ ಸ್ಪ್ರಿಂಗು ಉಕ್ಕಿನದೂ ಆಗಿರಬಹುದು. ಸೇಫ್ಟಿ ಪಿನ್ನು, ಉಡಿದಾರ, ತಾಯಿತ ಯಾವುದನ್ನೂ ಮರೆಯಬೇಡ.

ಒಳಗೆ ಹಲಗೆಯ ಮೇಲೆ ಮಲಗಿಸಿ ಮೆಲ್ಲಗೆ ಸುರಂಗದೊಳಕ್ಕೆ ಜಾರಿಸುತ್ತಾರೆ. ಅದು ಎರಡೂ ಕಡೆ ತೆರೆದಿರುತ್ತದೆ. ಒಳಹೋಗುವ ಮೊದಲೇ ಕಣ್ಣು ಮುಚ್ಚಿಕೋ, ಹೊರಬರುವ ತನಕ ತೆರೆಯಬೇಡ. ಆಮೇಲೆ ಶುರುವಾಗುತ್ತದೆ ಸದ್ದು: ಟಕಟಕ ಬಡಿದ ಹಾಗೆ, ಗೋಡೆ ಕೊರೆದ ಹಾಗೆ. ಯಂತ್ರದೊಳಗಿನ ತಂತಿಸುರುಳಿಗಳಲ್ಲಿ ವಿದ್ಯುತ್ತು ಹರಿದು ನಿಂತು ಅವು ಅದುರುವ ಸದ್ದು ಅದು, ಏನೂ ಕೆಟ್ಟುಹೋಗಿರುವುದಿಲ್ಲ. ಕಿವಿ ಮುಚ್ಚಿಕೊಳ್ಳಲು ಪ್ಲಗ್ಗೋ ಹೆಡ್‌ಫೋನೋ ಕೊಡುತ್ತಾರೆ, ಸರಿಯಾಗಿ ಕೂತಿದೆಯೇ ನೋಡಿಕೋ. ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತೈದು ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತೂ ಅಲುಗಾಡಬಾರದು. ನಾನು ನಡುವೆ ಕೆಮ್ಮಿದ್ದಕ್ಕೆ ಒಂದು ಸುತ್ತು ಮತ್ತೆ ತೆಗೆಯಬೇಕಾಯಿತು. ಕೆಮ್ಮೋ ಬೆನ್ನುನೋವೋ ಇದ್ದರೆ ಮೊದಲೇ ಹೇಳು, ಮೊಣಕಾಲ ಕೆಳಗೆ ದಿಂಬು ಕೊಡುತ್ತಾರೆ.

ಕೈಯಲ್ಲಿ ಒಂದು ರಬ್ಬರ್ ಬಲ್ಬು ಕೊಡುತ್ತಾರೆ. ಉಸಿರು ಕಟ್ಟಿದಂತಾದರೆ, ಮೈಯಲ್ಲಿ ಎಲ್ಲಾದರೂ ಬಿಸಿ ಅನ್ನಿಸಿದರೆ ಅದನ್ನು ಹಿಚುಕು. ಗಾಜಿನ ಆಚೆ ಕೂತವರು ನಿನ್ನನ್ನು ನೋಡುತ್ತಲೇ ಇರುತ್ತಾರೆ, ಹೊರಗೆ ತರುತ್ತಾರೆ. ಅದಕ್ಕೆ ಸಂಕೋಚ ಬೇಡ.

ಕೆಲವರಿಗೆ ಕೈಯ ರಕ್ತನಾಳಕ್ಕೆ ಗ್ಯಾಡೊಲಿನಿಯಂ ಅನ್ನುವ ಕಾಂಟ್ರಾಸ್ಟ್ ಔಷಧ ಕೊಡುತ್ತಾರೆ, ತೋಳು ತಣ್ಣಗಾದ ಹಾಗನ್ನಿಸಬಹುದು. ಕಿಡ್ನಿ ತೊಂದರೆ, ಅಲರ್ಜಿ ಇದ್ದರೆ ಹೇಳಲೇಬೇಕು.

ಮುಗಿದ ಮೇಲೆ ಸ್ಕ್ಯಾನ್ ಮಾಡಿದ ಹುಡುಗನ ಮುಖ ನೋಡಿ ರೋಗ ಊಹಿಸಬೇಡ. ಚಿತ್ರ ಓದಿ ವರದಿ ಬರೆಯುವವರು ರೇಡಿಯಾಲಜಿ ಡಾಕ್ಟರು. ಹಳೆಯ ಫಿಲ್ಮು ಇದ್ದರೆ ತೆಗೆದಿಟ್ಟುಕೋ, ಹೋಲಿಸಿ ನೋಡಲು ಬೇಕಾಗುತ್ತದೆ.

ಆ ಯಂತ್ರ ನೋವು ಕೊಡುವುದಿಲ್ಲ ಕಣಮ್ಮ. ಅಪಾಯವಿರುವುದು ಹೇಳದೆ ಬಿಟ್ಟ ಮಾತಿನಲ್ಲಿ. ಹೆದರಿಕೆ ಇದ್ದರೆ ಅದನ್ನೂ ಹೇಳು. ನಾಳೆ ನಾನೂ ಜೊತೆಗೆ ಬರುತ್ತೇನೆ. ಫೋನು, ಬೀಗದ ಕೈ ನನ್ನ ಕೈಗೆ ಕೊಟ್ಟು ಧೈರ್ಯವಾಗಿ ಒಳಗೆ ಹೋಗು.