ಹರಿದು ಬಿದ್ದ ತಂತಿಯೂ ನಮ್ಮ ಹೆಜ್ಜೆಯೂ

2023ರ ನವೆಂಬರ್ 19ರ ನಸುಕಿನಲ್ಲಿ, ಬೆಂಗಳೂರಿನ ವೈಟ್‌ಫೀಲ್ಡ್ ಪ್ರದೇಶದ ಹೋಪ್ ಫಾರ್ಮ್ ಬಳಿ ಪಾದಚಾರಿ ಮಾರ್ಗದಲ್ಲಿ ಬಿದ್ದಿದ್ದ 11,000 ವೋಲ್ಟಿನ ತಂತಿಯನ್ನು ತುಳಿದ ತಾಯಿಯೂ ಆಕೆಯ ಹಸುಳೆಯೂ ಅಸುನೀಗಿದರು. ಇಂತಹ ತಂತಿಯನ್ನು ಮುಟ್ಟಬಾರದೆಂಬುದು ಎಲ್ಲರಿಗೂ ತಿಳಿದಿದೆ; ಮುಟ್ಟದಿದ್ದರೂ ಅಪಾಯವುಂಟೆಂಬುದನ್ನು ಅರಿತವರು ವಿರಳ.

ತಂತಿಯು ನೆಲವನ್ನು ಸೋಕಿದಾಗ ವಿದ್ಯುತ್ಪ್ರವಾಹವು ಮಣ್ಣಿನಲ್ಲಿ ಎಲ್ಲ ದಿಕ್ಕಿಗೂ ಹರಡುತ್ತದೆ. ಅಲ್ಲಿಂದ ದೂರ ಹೋದಂತೆ ನೆಲದ ವಿಭವವು, ಸ್ಥೂಲವಾಗಿ, ದೂರಕ್ಕೆ ವಿಲೋಮವಾಗಿ ಇಳಿಯುತ್ತದೆ. 1 ಮೀಟರು ದೂರದಲ್ಲಿ ಅದು 1,000 ವೋಲ್ಟು ಎಂದಿಟ್ಟುಕೊಳ್ಳೋಣ. 2 ಮೀಟರು ದೂರದಲ್ಲಿ 500. ಒಂದು ಪಾದ ಅಲ್ಲಿ, ಇನ್ನೊಂದು ಇಲ್ಲಿ ಇದ್ದರೆ ದೇಹವು 500 ವೋಲ್ಟಿನ ಅಂತರಕ್ಕೆ ಸಿಲುಕುತ್ತದೆ. 10 ಮತ್ತು 11 ಮೀಟರುಗಳ ನಡುವೆಯಾದರೋ ಆ ಅಂತರ ಸುಮಾರು 9 ವೋಲ್ಟು ಮಾತ್ರ. ದೊಡ್ಡ ಹೆಜ್ಜೆಯೇ ಇಲ್ಲಿ ಶತ್ರು.

ಆದುದರಿಂದ ಕನಿಷ್ಠ 10 ಮೀಟರು ದೂರವಿರಿ. ಸಮೀಪದಲ್ಲಿರುವುದು ತಿಳಿದೊಡನೆ ಓಡಬೇಡಿ. ಪಾದಗಳೆರಡನ್ನೂ ಜೋಡಿಸಿ, ನೆಲದಿಂದ ಎತ್ತದೆ, ಸ್ವಲ್ಪಸ್ವಲ್ಪವಾಗಿ ಜರುಗಿಸುತ್ತ ದೂರ ಸರಿಯಿರಿ. ಈ ಒತ್ತಡದಲ್ಲಿ ಒಣಕೋಲನ್ನೂ ನಂಬಲಾಗದು. ಇತರರನ್ನು ತಡೆದು, ಬೆಸ್ಕಾಂನ 1912ಕ್ಕೆ ತಿಳಿಸಿ. ಕಿಡಿ ಕಾಣದ ತಂತಿಯಲ್ಲಿಯೂ ವಿದ್ಯುತ್ತು ಇದೆಯೆಂದೇ ಭಾವಿಸತಕ್ಕದ್ದು.