ಕೋಳಿಯ ಪುಕ್ಕ ಯಾಕೆ ಉದುರುತ್ತದೆ? (ನಮ್ಮ ಮನೆಯ ಎರಡು ಹ್ಯಾಟೆಗಳ ಪರೀಕ್ಷೆ)



ಹಳೇಬೀಡಿನಿಂದ ಜಾವಗಲ್ ಕಡೆ ಬರುವ ನಮ್ಮ ಊರುಗಳಲ್ಲಿ ನಾಲ್ಕು ಕೋಳಿ ಇಲ್ಲದ ಮನೆ ಕಡಿಮೆ. ನಮ್ಮ ಮನೆಯಲ್ಲಿ ಎರಡು ಹ್ಯಾಟೆಗಳಿವೆ. ಒಂದು ಕೆಂಪಿ, ಇನ್ನೊಂದು ಕರಕಿ. ಹೋದ ದೀಪಾವಳಿ ಕಳೆದ ಮೇಲೆ ಎರಡಕ್ಕೂ ಪುಕ್ಕ ಉದುರಲು ಶುರುವಾಯಿತು, ಮೊಟ್ಟೆಯೂ ನಿಂತಿತು. ನನ್ನ ನೋಟ್‌ಬುಕ್ಕಿನ ದುಡ್ಡು ಬರುವುದು ಆ ಮೊಟ್ಟೆಯಿಂದಲೇ.

ಅಜ್ಜಿ "ಯಾರ್ದೋ ಕಣ್ಣು ಬಿದ್ದದೆ" ಅಂತ ನಿವಾಳಿಸಿದರು. ಅಪ್ಪ "ಬರೋ ಸಂತೇಲಿ ಎರಡನ್ನೂ ಕೊಟ್ಬುಡಾನ" ಅಂದರು. ಪಕ್ಕದ ಮನೆ ಮಾವ ಶುಂಠಿಗೆ ಹೊಡೆಯುವ ಔಷಧಿ ಚಿಮುಕಿಸಲು ಹೇಳಿದರು. ಅದನ್ನು ಮಾತ್ರ ನಾನು ಒಪ್ಪಲಿಲ್ಲ. ಹಿಂದಿನ ವರ್ಷ ಹಾಗೇ ಮಾಡಿ 4 ಮರಿ ಕಳೆದುಕೊಂಡಿದ್ದೆವು. ಅಪ್ಪನ ಹತ್ತಿರ ಒಂದು ವಾರ ಟೈಮು ಕೇಳಿಕೊಂಡೆ.

ವಿಜ್ಞಾನದ ಮೇಷ್ಟ್ರು "ಎಲ್ಲಿ ಉದುರಿದೆ, ಉದುರಿದ ಜಾಗದಲ್ಲಿ ಏನಿದೆ, ಅದನ್ನ ಬರ್ಕೊಂಡು ಬಾ" ಅಂದರು.

ಕೆಂಪಿಗೆ ಮೊದಲು ಕತ್ತು, ಆಮೇಲೆ ಎದೆ, ಬೆನ್ನು ಬೋಳಾಗಿತ್ತು. ಕೈಯಾಡಿಸಿದರೆ ಚರ್ಮದಿಂದ ಮುಳ್ಳಿನಂಥ ನೀಲಿ ಕಡ್ಡಿಗಳು ಎದ್ದಿದ್ದವು. ಅವು ಹೊಸ ಪುಕ್ಕಗಳು! ಬೆಳೆಯುವಾಗ ಅವುಗಳೊಳಗೆ ರಕ್ತ ಇರುತ್ತದೆ. ಮುರಿದರೆ ರಕ್ತ ಸುರಿಯುತ್ತದೆ, ಕೋಳಿಗೆ ನೋವಾಗುತ್ತದೆ. ಆದ್ದರಿಂದ ಆಗ ಕೋಳಿಯನ್ನು ಪದೇ ಪದೇ ಹಿಡಿಯಬಾರದು.

ಇದು ರೋಗವಲ್ಲ. ಬೆಳೆದ ಕೋಳಿ ಸಾಮಾನ್ಯವಾಗಿ ವರ್ಷಕ್ಕೊಮ್ಮೆ, ಹೆಚ್ಚಾಗಿ ಹಗಲು ಚಿಕ್ಕದಾಗುವ ಕಾಲದಲ್ಲಿ, ಹಳೇ ಪುಕ್ಕ ಬಿಟ್ಟು ಹೊಸದು ಹಾಕುತ್ತದೆ. ಎರಡು ಮೂರು ತಿಂಗಳು ಹಿಡಿಯುತ್ತದೆ. ಪುಕ್ಕದ 100 ಭಾಗದಲ್ಲಿ ಸುಮಾರು 90 ಭಾಗ ಪ್ರೋಟೀನು. ಮೊಟ್ಟೆಗೂ ಪ್ರೋಟೀನು ಬೇಕು. ಎರಡೂ ಕೆಲಸ ಒಟ್ಟಿಗೆ ಆಗದೆ ಮೊಟ್ಟೆ ನಿಲ್ಲುತ್ತದೆ. ನಾವು ಬರೀ ರಾಗಿ, ನುಚ್ಚು ಹಾಕುತ್ತಿದ್ದೆವು. ಈಗ ಸ್ವಲ್ಪ ಕಡ್ಲೆಕಾಯಿ ಹಿಂಡಿ, ಸೊಪ್ಪು ಸೇರಿಸಿದೆವು. ಬೂಸ್ಟು ಹಿಡಿದ ಹಿಂಡಿ ಮಾತ್ರ ಬೇಡ, ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಇರಬಹುದು. ಗೆದ್ದಲು ಇನ್ನೂ ಒಳ್ಳೆಯದು. ಹಳೇ ಮಡಕೆಗೆ ಒದ್ದೆ ಸಗಣಿ, ಹುಲ್ಲು, ಹರಕು ಗೋಣಿ ತುಂಬಿ ಗೆದ್ದಲು ಓಡಾಡುವ ಕಡೆ ರಾತ್ರಿ ಬೋರಲು ಹಾಕಿದರೆ ಬೆಳಿಗ್ಗೆಗೆ ಗೆದ್ದಲು ಸೇರಿರುತ್ತದೆ. (ನನ್ನ ತಮ್ಮ ಹುತ್ತವನ್ನೇ ಅಗೆಯಲು ಹೋಗಿ ಅಜ್ಜಿಯಿಂದ ಬೈಸಿಕೊಂಡ.)

ಕರಕಿಯ ಕಥೆ ಬೇರೆ. ಅದರ ಪುಕ್ಕ ತುಂಡು ತುಂಡಾಗಿ ಮುರಿದಿತ್ತು, ಹೊಸ ಕಡ್ಡಿ ಒಂದೂ ಇರಲಿಲ್ಲ. ಹಿಂಭಾಗದ ಪುಕ್ಕಗಳ ಬುಡದಲ್ಲಿ ರವೆ ಅಂಟಿಸಿದಂತೆ ಬಿಳಿ ಗಂಟುಗಳಿದ್ದವು. ಅವು ಹೇನಿನ ಮೊಟ್ಟೆ. ಪುಕ್ಕ ಬಿಡಿಸಿದಾಗ ಹಳದಿ ಹೇನುಗಳು ಓಡಿದವು. ಆದರೆ ಜುಟ್ಟೂ ಬಿಳಿಚಿತ್ತು. ಇದಕ್ಕೆ ಹೇನು ಮಾತ್ರವೇ ಕಾರಣವೇ ಎಂದು ನನಗೆ ಅನುಮಾನ ಬಂತು. ಬೆಳಿಗ್ಗೆ ಗೂಡು ನೋಡಿದರೆ ಏನೂ ಇಲ್ಲ. ರಾತ್ರಿ 9 ಗಂಟೆಗೆ ಟಾರ್ಚು ಹಿಡಿದು ನೋಡಿದೆ. ಹಲಗೆಯ ಸಂದಿನಿಂದ ಸಾಸಿವೆಗಿಂತ ಸಣ್ಣ ಹುಳಗಳು ಸಾಲಾಗಿ ಹೊರಟಿದ್ದವು. ಬಿಳಿ ಕಾಗದಕ್ಕೆ ಒತ್ತಿದರೆ ರಕ್ತದ ಗುರುತು! ಇದು ಕೆಂಪು ನುಸಿ. ಹಗಲು ಸಂದಿಯಲ್ಲಿ ಅಡಗಿ ರಾತ್ರಿ ರಕ್ತ ಹೀರುತ್ತದೆ. ರಕ್ತ ಸಿಗದಿದ್ದರೂ ತಿಂಗಳುಗಟ್ಟಲೆ ಬದುಕುತ್ತದೆ, ಆದ್ದರಿಂದ ಗೂಡನ್ನು ಖಾಲಿ ಬಿಟ್ಟರೆ ಸಾಲದು.

ಗೂಡಿನ ಹುಲ್ಲನ್ನೆಲ್ಲ ಸುಟ್ಟೆವು. ಸಂದಿಗಳಿಗೆ ಕುದಿಯುವ ನೀರು ಹೊಯ್ದು, ಒಣಗಿದ ಮೇಲೆ ಸುಣ್ಣ ಬಳಿದೆವು. ಪಶು ಆಸ್ಪತ್ರೆಯ ಡಾಕ್ಟರು ಕೋಳಿಗೆಂದೇ ಇರುವ ಪುಡಿ ಕೊಟ್ಟು, ಎಷ್ಟು ಹಾಕಬೇಕೆಂದು ತೋರಿಸಿದರು. ಕೆಂಪಿಯೂ ಅದೇ ಗೂಡಿನಲ್ಲಿ ಮಲಗುವುದರಿಂದ ಎರಡಕ್ಕೂ ಹಾಕಿದೆವು. ಔಷಧಿಗೆ ಮೊಟ್ಟೆಗಳು ಸಾಯುವುದಿಲ್ಲ, ಅವು ಒಡೆದು ಹೊಸ ಹುಳ ಬರುವುದರಿಂದ 10 ದಿನ ಬಿಟ್ಟು ಇನ್ನೊಮ್ಮೆ ಹಾಕಬೇಕು. ಅನೇಕರು ಇಲ್ಲೇ ತಪ್ಪುವುದು. ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ ಒಣ ಮಣ್ಣು, ಸೌದೆ ಬೂದಿ ತುಂಬಿದೆವು. ಕೋಳಿಗಳು ಅದರಲ್ಲಿ ಹೊರಳಾಡಿ ಹೇನು ಉದುರಿಸಿಕೊಳ್ಳುತ್ತವೆ. ಬೂದಿ ಒದ್ದೆಯಾದರೆ ಚರ್ಮ ಸುಡುತ್ತದೆ, ಮಳೆ ಬೀಳದ ಜಾಗ ಆರಿಸಿರಿ.

ಬೆನ್ನು ಮಾತ್ರ ಬೋಳಾಗಿದ್ದರೆ ಹುಂಜ ಹತ್ತಿದ್ದರಿಂದ ಇರಬಹುದು. ಕಾವಿಗೆ ಕೂತದ್ದು ಎದೆ ಪುಕ್ಕ ತಾನೇ ಕಿತ್ತುಕೊಳ್ಳುತ್ತದೆ. ಹುಟ್ಟಿನಿಂದಲೇ ಕತ್ತು ಬೋಳಾದ ಜಾತಿಯೂ ಉಂಟು, ಅದಕ್ಕೆ ಔಷಧಿ ಹುಡುಕಬೇಡಿ.

ಮುರಿದ ಪುಕ್ಕ ಮುಂದಿನ ಸಲ ಉದುರುವ ತನಕ ಹಾಗೇ ಇರುತ್ತದೆ. ಸಂಕ್ರಾಂತಿಗೆ ಕೆಂಪಿ ಮದುವೆ ಹೆಣ್ಣಿನಂತೆ ಹೊಳೆಯುತ್ತಿತ್ತು, ಕರಕಿ ಹಳೇ ಪೊರಕೆಯಂತೆಯೇ ಇತ್ತು. ಆದರೂ ಜುಟ್ಟು ಕೆಂಪಾಗಿ ಮೊದಲು ಮೊಟ್ಟೆ ಇಟ್ಟದ್ದು ಕರಕಿಯೇ. ಅಪ್ಪ ಸಂತೆಯ ಮಾತು ಆಮೇಲೆ ಎತ್ತಲಿಲ್ಲ.