ಆರೋಗ್ಯ ಪ್ರಶ್ನೋತ್ತರ: ಹಗ್ಗದಾಟ ಬಿಡಿಸಬೇಡಿ

ಪ್ರಶ್ನೆ: ನನಗೆ 54 ವರ್ಷ. ಮುಟ್ಟು ನಿಂತು ಐದು ವರ್ಷವಾಯಿತು. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ತಪ್ಪದೆ ವಾಕಿಂಗ್ ಮಾಡುತ್ತೇನೆ. ಆದರೂ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಸೊಂಟದ ಟಿ-ಸ್ಕೋರ್ ಮೈನಸ್ 2.1 ಬಂದಿದೆ, ಅಂದರೆ ಸಾಂದ್ರತೆ ಕಡಿಮೆ. ಇನ್ನೂ ಹೆಚ್ಚು ಹೊತ್ತು ನಡೆಯಬೇಕೆ?
— ಗೃಹಿಣಿ, ದಾವಣಗೆರೆ

ಉತ್ತರ: ಬೇಡಮ್ಮ. ಈಗಿನ ನಡಿಗೆ ಹೃದಯಕ್ಕೆ, ಸಕ್ಕರೆಗೆ ಒಳ್ಳೆಯದು, ಅದನ್ನು ಬಿಡಬೇಡಿ. ಆದರೆ ಹೊತ್ತು ಹೆಚ್ಚಿಸಿದ ಮಾತ್ರಕ್ಕೆ ಮೂಳೆ ಗಟ್ಟಿಯಾಗುವುದಿಲ್ಲ. 1984ರಲ್ಲಿ ಕ್ಲಿಂಟನ್ ರೂಬಿನ್ ಮತ್ತು ಲ್ಯಾನ್ಸ್ ಲ್ಯಾನ್ಯನ್ ಎಂಬ ವಿಜ್ಞಾನಿಗಳು ಹುಂಜದ ರೆಕ್ಕೆಯ ಮೂಳೆಯ ಮೇಲೆ ಒಂದು ಪ್ರಯೋಗ ಮಾಡಿದರು. ಆ ಮೂಳೆಗೆ ಮೈಯಿಂದ ಯಾವ ಭಾರವೂ ಬೀಳದಂತೆ ಬೇರ್ಪಡಿಸಿ, ಎರಡೂ ತುದಿಗೆ ಲೋಹದ ಟೋಪಿ ತೊಡಿಸಿ, ಹೊರಗಿನಿಂದ ಯಂತ್ರದಲ್ಲಿ ಒತ್ತಿದರು. ಒತ್ತಡವೇ ಸಿಗದ ಮೂಳೆ ಕರಗುತ್ತಾ ಹೋಯಿತು. ದಿನಕ್ಕೆ ಬರೀ 4 ಸಲ ಒತ್ತಿದ್ದು ಇದ್ದ ಹಾಗೇ ಉಳಿಯಿತು. 36 ಸಲ ಒತ್ತಿದಾಗ ಹೊಸ ಮೂಳೆ ಕೂಡಿಕೊಂಡಿತು. ಅಷ್ಟು ಒತ್ತುವುದಕ್ಕೆ ಹಿಡಿದದ್ದು ಒಂದು ನಿಮಿಷ ಚಿಲ್ಲರೆ. ಮುಂದೆ 360 ಸಲ, 1800 ಸಲ ಒತ್ತಿದರೂ ಅದಕ್ಕಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಮೂಳೆಯೊಳಗೆ ಹುದುಗಿರುವ ಜೀವಕೋಶಗಳು ಭಾರವನ್ನು ಗುರುತಿಸುತ್ತವೆ, ಆದರೆ ಒಂದೇ ಬಗೆಯ ಭಾರಕ್ಕೆ ಬೇಗ ಒಗ್ಗಿಹೋಗುತ್ತವೆ. ಸ್ವಲ್ಪ ಜೋರಿನ ಭಾರ, ಕೆಲವೇ ಸಲ, ನಡುನಡುವೆ ಬಿಡುವು: ಅವಕ್ಕೆ ಬೇಕಾದದ್ದು ಇಷ್ಟೇ. ಮೆಟ್ಟಿಲು ಹತ್ತುವುದು, ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು, ಫಿಸಿಯೋಥೆರಪಿಸ್ಟ್ ಎದುರಿನಲ್ಲಿ ತೂಕ ಎತ್ತುವುದು, ಇವುಗಳನ್ನು ವಾರಕ್ಕೆ ಎರಡು ಮೂರು ದಿನ ಮಾಡಿ.

ಆದರೆ ತೂಕಕ್ಕೆ ಕೈ ಹಾಕುವ ಮುಂಚೆ ವಿಟಮಿನ್ ಡಿ, ಕ್ಯಾಲ್ಸಿಯಂ, ಥೈರಾಯ್ಡ್, ಕಿಡ್ನಿ ಪರೀಕ್ಷೆ ಆಗಲೇಬೇಕು. ಜೊತೆಗೆ ಬೆನ್ನಿನದೊಂದು ಎಕ್ಸ್‌ರೇ, ಪಕ್ಕದಿಂದ ತೆಗೆದದ್ದು. ಯಾಕಿಷ್ಟು ಒತ್ತಾಯ ಎಂದರೆ, ‘ವಾಯು ಹಿಡಿದಿದೆ’ ಎಂದು ತಿಂಗಳುಗಟ್ಟಲೆ ಎಣ್ಣೆ ತಿಕ್ಕಿಸಿಕೊಂಡು ಕೊನೆಗೆ ನನ್ನ ಹತ್ತಿರ ಬಂದ ಹೆಂಗಸರು ಬಹಳ ಮಂದಿ. ಎಕ್ಸ್‌ರೇ ಹಿಡಿದು ನೋಡಿದರೆ, ಚೌಕಾಕಾರ ಇರಬೇಕಾದ ಬೆನ್ನುಮೂಳೆಯ ಮುಂಭಾಗ ಕುಸಿದು ಬೆಣೆಯಂತೆ ಆಗಿರುತ್ತದೆ. ಅಂಥವರು ಬಗ್ಗಿ ತುಂಬಿದ ಕೊಡ ಎತ್ತಿದರೆ ಇನ್ನೊಂದೂ ಕುಸಿಯಬಹುದು.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ, ಮೊನ್ನೆ ಮೊನ್ನೆ ದೊಡ್ಡವಳಾದಳು. ದಿನವೂ ಸ್ಕಿಪ್ಪಿಂಗ್ ಆಡುತ್ತಾಳೆ. ಗರ್ಭಕೋಶ ಜಾರುತ್ತದೆ, ಮೂಳೆ ಸವೆದು ಕುಳ್ಳಿಯಾಗುತ್ತಾಳೆ ಎಂದು ಅತ್ತೆಯವರು ಹಗ್ಗ ಎತ್ತಿಟ್ಟಿದ್ದಾರೆ. ಏನು ಮಾಡಲಿ?
— ತಾಯಿ, ಶಿರಸಿ

ಉತ್ತರ: ಹಗ್ಗವನ್ನು ಇವತ್ತೇ ಮಗಳ ಕೈಗೆ ಕೊಡಿ. ಅತ್ತೆಯವರಿಗೆ ಈ ಉತ್ತರವನ್ನು ಓದಿ ಹೇಳಿ. ಈ ಎರಡು ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ಇವು ಹೆಣ್ಣುಮಕ್ಕಳನ್ನು ಆಟ ಬಿಡಿಸಿ ಕೂರಿಸುವುದು ಮೂಳೆ ಕಟ್ಟುವ ಕಾಲದಲ್ಲೇ. ಹಾರಿದರೆ ಗರ್ಭಕೋಶ ಜಾರುವುದಿಲ್ಲ, ಬೆಳವಣಿಗೆಯೂ ನಿಲ್ಲುವುದಿಲ್ಲ. ಬೆಳೆದ ಹೆಂಗಸಿನ ದೇಹದಲ್ಲಿರುವ ಮೂಳೆಯ ಖನಿಜದಲ್ಲಿ ಸುಮಾರು ಕಾಲು ಭಾಗ ಸೇರಿಕೊಳ್ಳುವುದು ನಿಮ್ಮ ಮಗಳ ಈ ವಯಸ್ಸಿನ ಎರಡು ವರ್ಷಗಳಲ್ಲಿ. ಆ ಹೊತ್ತಿನಲ್ಲಿ ಕುಂಟೆಬಿಲ್ಲೆ ಬೇಡ, ಹಗ್ಗ ಬೇಡ, ಓಟ ಬೇಡ ಎಂದರೆ ಮಗುವಿನ ಪಾಲಿನದನ್ನು ನಾವೇ ಕಿತ್ತುಕೊಂಡಂತೆ.

ಜಪಾನಿನ ಉಮೆಮುರಾ ಮತ್ತು ಸಂಗಡಿಗರು 1997ರಲ್ಲಿ ಇಲಿಗಳನ್ನು ಹಾರಿಸಿ ನೋಡಿದರು. ದಿನಕ್ಕೆ ಐದೇ ಸಲ, ಎಂಟು ವಾರ. ಅಷ್ಟಕ್ಕೇ ಅವುಗಳ ಕಾಲಿನ ಮೂಳೆ ದಪ್ಪವಾಗಿ, ಮುರಿಯಲು ಹೆಚ್ಚು ಬಲ ಬೇಕಾಯಿತು. ಅಮೆರಿಕದ ಇಂಡಿಯಾನಾದಲ್ಲಿ ರಾಬ್ಲಿಂಗ್ ತಂಡ ಇಲಿಯ ಮುಂಗಾಲಿಗೆ 16 ವಾರ ಯಂತ್ರದಿಂದ ಭಾರ ಹಾಕಿತು. ಸ್ಕ್ಯಾನ್‌ನಲ್ಲಿ ಸಾಂದ್ರತೆ ಏರಿದ್ದು 5.4 ಶೇಕಡ, ಆದರೆ ಮುರಿಯಲು ಬೇಕಾದ ಬಲ ಏರಿದ್ದು 64 ಶೇಕಡ. ಹೊಸ ಮೂಳೆ ಎಲ್ಲೆಂದರಲ್ಲಿ ಕೂಡಲಿಲ್ಲ, ಬಾಗುವಾಗ ಹೆಚ್ಚು ಒತ್ತಡ ಬೀಳುವ ಜಾಗದಲ್ಲೇ ಕೂಡಿತು. ಅಷ್ಟೇ ಸಂಖ್ಯೆಯ ಒತ್ತಡವನ್ನು ಒಂದೇ ಉಸಿರಿಗೆ ಹಾಕುವ ಬದಲು ದಿನದಲ್ಲಿ ನಾಲ್ಕು ಕಂತು ಮಾಡಿದಾಗ ಫಲ ಇನ್ನೂ ಹೆಚ್ಚು. ಹಾಗಾಗಿ ಶಾಲೆಗೆ ಮುಂಚೆ ಸ್ವಲ್ಪ, ಸಂಜೆ ಸ್ವಲ್ಪ ಆಡಲಿ.

ಅತ್ತೆಯವರು ಕೇಳಬೇಕಾದ ಸಂಗತಿ ಇನ್ನೊಂದಿದೆ. ಎಳೆಯ ಇಲಿಗಳಿಗೆ ಏಳು ವಾರ ವ್ಯಾಯಾಮ ಕೊಟ್ಟು, ಆಮೇಲೆ 92 ವಾರ ಸುಮ್ಮನೆ ಬಿಟ್ಟರು. ಇಲಿಗೆ ಅದು ಮುಪ್ಪಿನವರೆಗಿನ ಕಾಲ. ಆಗಲೂ ವ್ಯಾಯಾಮ ಸಿಕ್ಕಿದ್ದ ಮೂಳೆಯೇ ಗಟ್ಟಿಯಾಗಿತ್ತು. ನಿಮ್ಮ ಮಗಳು ಈಗ ಗಳಿಸಿದ್ದು ಅವಳ ಅರವತ್ತಕ್ಕೆ ಬೇಕಾಗುತ್ತದೆ.

ಊಟದಲ್ಲಿ ರಾಗಿ, ಹಾಲು, ಎಳ್ಳು ಇರಲಿ. ಒಮ್ಮೆ ಹಿಮೋಗ್ಲೋಬಿನ್, ವಿಟಮಿನ್ ಡಿ ನೋಡಿಸಿ. ಕಾಲಿನ ಒಂದೇ ಜಾಗದಲ್ಲಿ, ಒತ್ತಿದರೆ ಜೋರಾಗಿ ನೋಯುವ ನೋವು ಬಂದರೆ ಮಾತ್ರ ಆಟ ನಿಲ್ಲಿಸಿ, ಕರೆದುಕೊಂಡು ಬನ್ನಿ.

ಪ್ರಶ್ನೆ: ದಿನಾ ಈಜುತ್ತೇನೆ. ಮೂಳೆಗೆ ಸಾಕಲ್ಲವೇ?
— ನಿವೃತ್ತ ನೌಕರ, ಮಂಗಳೂರು

ಉತ್ತರ: ಸಾಲದು. ನೀರು ನಿಮ್ಮ ಭಾರವನ್ನು ತಾನೇ ಹೊರುತ್ತದೆ. ಈಜಿನ ಜೊತೆ ವಾರಕ್ಕೆರಡು ದಿನ ತೂಕ ಎತ್ತಿ. 70 ದಾಟಿದ್ದರೆ ಮೊದಲು ಡೆಕ್ಸಾ. ಗಂಡಸರಿಗೆ ಮೂಳೆ ಟೊಳ್ಳಾಗುವುದಿಲ್ಲ ಎಂದು ಯಾರಾದರೂ ಹೇಳಿದ್ದರೆ ನಂಬಬೇಡಿ.

ಪ್ರಶ್ನೆ: ಮಾವನವರಿಗೆ 76. ಮನೆಯಲ್ಲಿ ಜಾರಿ ಸೊಂಟ ಮುರಿದು ಆಪರೇಷನ್ ಆಗಿದೆ. ಮೂಳೆ ಕೂಡಲಿ ಎಂದು ಮೂರು ತಿಂಗಳು ಮಲಗಿಸಬೇಕೆಂದು ನೆಂಟರು ಹೇಳುತ್ತಾರೆ.
— ಸೊಸೆ, ಹಾಸನ

ಉತ್ತರ: ನೆಂಟರ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೆ ಈ ಸಲಹೆ ಅಪಾಯ. ಬೀಗಲ್ ನಾಯಿಗಳ ಮುಂಗಾಲಿಗೆ ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಬಿಟ್ಟಾಗ ಮೂಳೆ ತೆಳ್ಳಗಾಯಿತು. ಬಿಚ್ಚಿದ ಮೇಲೂ ಕಳೆದದ್ದೆಲ್ಲ ಮರಳಲಿಲ್ಲ, ವಯಸ್ಸಾದ ನಾಯಿಗಳಲ್ಲಂತೂ ಇನ್ನೂ ಕಡಿಮೆ. ಮಲಗಿದ ಮನುಷ್ಯನಿಗೆ ಇದರ ಜೊತೆ ಕಾಲಿನ ರಕ್ತ ಹೆಪ್ಪುಗಟ್ಟುವುದು, ನ್ಯುಮೋನಿಯಾ, ಬೆನ್ನಿನ ಹುಣ್ಣು. ಆಪರೇಷನ್ ಮಾಡಿದ ವೈದ್ಯರನ್ನು ಇವತ್ತೇ ಕೇಳಿ: ಕಾಲಿನ ಮೇಲೆ ಎಷ್ಟು ಭಾರ ಹಾಕಬಹುದು? ಅವರು ಒಪ್ಪಿದಷ್ಟು ವಾಕರ್ ಹಿಡಿಸಿ ನಿಲ್ಲಿಸಿ, ನಡೆಸಿ.

ಇನ್ನೊಂದನ್ನು ನೀವು ಕೇಳಿಲ್ಲ, ನಾನೇ ಕೇಳುತ್ತೇನೆ. ನಿಂತಲ್ಲೇ ಜಾರಿದ್ದಕ್ಕೆ ಸೊಂಟ ಯಾಕೆ ಮುರಿಯಿತು ಎಂದು ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ? ರಾಡ್ ಹಾಕಿ ಮನೆಗೆ ಕಳಿಸಿದರೆ ಚಿಕಿತ್ಸೆ ಅರ್ಧವೇ ಆದಂತೆ. ಡೆಕ್ಸಾ, ವಿಟಮಿನ್ ಡಿ, ಕಿಡ್ನಿ, ಮತ್ತೆ ಕಣ್ಣಿನ ಪೊರೆ, ಇವನ್ನು ಈ ತಿಂಗಳೇ ನೋಡಿಸಿ, ಮೂಳೆಯ ಔಷಧಿ ಶುರು ಮಾಡಿಸಿ. ಅವರಿಗೆ ಇನ್ನೊಂದು ಸೊಂಟ ಇದೆ.